ಗ್ರೀಕರ ಪಾನಗೋಷ್ಠಿಯ ಪದಗಳು: ಕೂಟಕ್ಕೆ ಯಾವುವು, ಪಂದ್ಯಕ್ಕೆ ಯಾವುವು?

ಪ್ರಶ್ನೆ: ಕಲಬುರಗಿ ಓದುಗ

ಕಲಬುರಗಿಯಲ್ಲಿ ನಾವು ಕೆಲವರು ಸೇರಿ ಪ್ಲೇಟೋನ ಸಂವಾದಗಳನ್ನು ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಚರ್ಚಿಸುತ್ತಿದ್ದೇವೆ. ಈಗ ಕೈಗೆತ್ತಿಕೊಂಡಿರುವುದು 'ಸಿಂಪೋಸಿಯಂ'. ಕ್ರಿ.ಪೂ. 416ರಲ್ಲಿ ದುರಂತ ನಾಟಕದ ಸ್ಪರ್ಧೆಯಲ್ಲಿ ಗೆದ್ದ ಅಗಾಥೋನನ ಮನೆಯಲ್ಲಿ ನಡೆದ ಕೂಟದ ಕಥೆ ಅದು. ತತ್ತ್ವದ ಮಾತುಗಳನ್ನು ಹೇಗೋ ಕನ್ನಡಕ್ಕೆ ತಂದುಕೊಳ್ಳುತ್ತೇವೆ, ಆದರೆ ಕುಡಿಯುವ ಮಾತು ಬಂದ ಕಡೆಯಲ್ಲೆಲ್ಲ ತಡವರಿಸುತ್ತೇವೆ. ಶೀರ್ಷಿಕೆಯಿಂದಲೇ ತೊಡಕು ಶುರುವಾಗುತ್ತದೆ. 'ಔತಣಕೂಟ' ಎಂದರೆ ಊಟ ಮುಂದೆ ಬಂದು ನಿಲ್ಲುತ್ತದೆ, ಗ್ರೀಕರಲ್ಲಾದರೋ ಊಟ ಮುಗಿದ ಮೇಲೆಯೇ ಇದು ಆರಂಭವಾಗುತ್ತಿತ್ತು. 'ಕುಡಿತ' ಎಂದರೆ ನಮ್ಮ ಕಡೆ ಅದು ಮನೆ ಹಾಳುಮಾಡುವ ಚಟದ ಹೆಸರು, ಅದನ್ನು ಸಾಕ್ರೆಟಿಸನ ಪಕ್ಕದಲ್ಲಿ ಇಡಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಒಬ್ಬರು 'ಮೆಹಫಿಲ್' ಎಂದರು, ಇನ್ನೊಬ್ಬರು ಹಳೆಯ ಕಾವ್ಯಗಳ 'ಪಾನಗೋಷ್ಠಿ' ಸಾಕು ಎಂದರು.

ಪದ ಆರಿಸುವುದಕ್ಕೆ ಮೊದಲು ತಿಳಿಯಬೇಕಾದದ್ದು ಬೇರೊಂದಿದೆ. ಗ್ರೀಕರು ಒಟ್ಟಿಗೆ ಕುಡಿಯುವುದನ್ನು ಪಂದ್ಯವೆಂದು ಕಾಣುತ್ತಿದ್ದರೋ, ಸಹವಾಸವೆಂದು ಕಾಣುತ್ತಿದ್ದರೋ? ಸಂವಾದದಲ್ಲಿ ಒಂದು ಕಡೆ ಯಾರೂ ಯಾರನ್ನೂ ಒತ್ತಾಯಿಸಬಾರದೆಂದು ಎಲ್ಲರೂ ಒಪ್ಪುತ್ತಾರೆ. ಮುಂದೆ ಆಲ್ಕಿಬಿಯಾಡಿಸ್ ಬಂದು ದೊಡ್ಡ ಪಾತ್ರೆಯನ್ನೇ ಎತ್ತಿ ಬರಿದುಮಾಡುತ್ತಾನೆ. ಎರಡಕ್ಕೂ ಬೇರೆ ಬೇರೆ ಪದಗಳು ಇದ್ದವೆ? ಮೂಲ ಗ್ರೀಕಿನ ಪರಿಚಯ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸೇಡಂ ಮೇಷ್ಟ್ರು

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಹೆಸರಿನಲ್ಲಿಯೇ ಇದೆ. 'ಸಿಂಪೋಸಿಯೋನ್' ಎಂದರೆ ಜೊತೆಯಾಗಿ ಕುಡಿಯುವುದು, ಅದಕ್ಕಿಂತ ಹೆಚ್ಚೇನೂ ಇಲ್ಲ. ಊಟಕ್ಕೆ 'ದೇಯ್ಪ್ನೋನ್' ಎಂಬ ಬೇರೆ ಪದವಿತ್ತು. ಊಟ ಮುಗಿದು, ಮೇಜುಗಳನ್ನು ತೆಗೆದು, ಕೈಗೆ ನೀರು ಕೊಟ್ಟು, 'ಅಗಾಥೋಸ್ ದೈಮೋನ್' ಎಂಬ ಶುಭದೇವತೆಯ ಹೆಸರಿನಲ್ಲಿ ನೀರು ಬೆರೆಸದ ದ್ರಾಕ್ಷಾರಸದ ಒಂದು ಗುಟುಕು ಕುಡಿದು, ದೇವತೆಗಳಿಗೆ ನೆಲದ ಮೇಲೆ ಎರೆದು ಹಾಡಿದ ಮೇಲೆಯೇ ಕೂಟ ತೊಡಗುತ್ತಿತ್ತು. ಆ ಒಂದು ಗುಟುಕು ಬಿಟ್ಟರೆ ಮುಂದಿನದೆಲ್ಲ ನೀರು ಬೆರೆಸಿದ್ದೇ. ಬೆರೆಸುವ ಪಾತ್ರೆಯ ಹೆಸರು 'ಕ್ರಾತೇರ್', ಬೆರೆಸು ಎಂಬ ಧಾತುವಿನಿಂದ ಬಂದದ್ದು. ಬೆರೆಸದ ದ್ರಾಕ್ಷಾರಸ 'ಅಕ್ರಾತೋಸ್'. ಹೆಸಿಯೋಡ್ ಮೂರು ಪಾಲು ನೀರಿಗೆ ಒಂದು ಪಾಲು ದ್ರಾಕ್ಷಾರಸ ಎನ್ನುತ್ತಾನೆ, ಕವಿ ಅನಾಕ್ರೆಯೋನ್ ಹತ್ತು ಸೌಟು ನೀರಿಗೆ ಐದು ಸೌಟು ಕೇಳುತ್ತಾನೆ. ಯಾವ ಪ್ರಮಾಣದಲ್ಲಿ ಬೆರೆಸಬೇಕು, ಎಷ್ಟು ಬಟ್ಟಲು ಹಂಚಬೇಕು ಎಂದು ನಿರ್ಧರಿಸುವವನು 'ಸಿಂಪೋಸಿಯಾರ್ಖೋಸ್', ಅಂದರೆ ಕೂಟದ ಅಧಿಪತಿ. ಅವನನ್ನು ಸುಮ್ಮನೆ 'ರಾಜ' ಎಂದೂ ಕರೆಯುತ್ತಿದ್ದರು.

ಇಲ್ಲಿ ಗಮನಿಸಬೇಕಾದದ್ದೇನೆಂದರೆ ಕೂಟಕ್ಕೆ ಸಂಬಂಧಿಸಿದ ಗ್ರೀಕ್ ಪದಗಳಲ್ಲಿ ಬಹುಪಾಲು ಅಳತೆ, ಸರದಿ, ಋಣ ಈ ಮೂರರ ಸುತ್ತ ಇವೆ. ಸರದಿಗೆ 'ಎಪಿದೆಕ್ಸಿಯಾ', ಬಲಗಡೆಗೆ ಎಂದು ಅರ್ಥ. ಬಟ್ಟಲು ಹೋಗುವುದು ಬಲಗಡೆಗೆ, ಹಾಡು ಹೋಗುವುದೂ ಬಲಗಡೆಗೆ, ಪ್ಲೇಟೋನ ಕೂಟದಲ್ಲಿ ಪ್ರೇಮದ ಮೇಲಿನ ಭಾಷಣಗಳು ಹೋಗುವುದೂ ಬಲಗಡೆಗೇ. ಋಣಕ್ಕೆ 'ಪ್ರೊಪೀನೆಯ್ನ್', ಮೊದಲು ತಾನು ಕುಡಿದು ಅನಂತರ ಬಟ್ಟಲನ್ನು ಇನ್ನೊಬ್ಬನ ಹೆಸರು ಹೇಳಿ ಅವನಿಗೆ ಕೊಡುವುದು. ಪಡೆದವನು ಕುಡಿಯಲೇಬೇಕು, ಎಷ್ಟೋ ವೇಳೆ ಬಟ್ಟಲೂ ಅವನಿಗೇ ಸೇರುತ್ತಿತ್ತು. ಪಿಂಡಾರ್ ಕವಿ ಕ್ರಿ.ಪೂ. 464ರಲ್ಲಿ ರೋಡ್ಸ್ ದ್ವೀಪದ ಮುಷ್ಟಿಮಲ್ಲ ದಿಯಾಗೊರಾಸನ ಗೆಲುವನ್ನು ಹಾಡುವಾಗ ಇದೇ ಚಿತ್ರದಿಂದ ಆರಂಭಿಸುತ್ತಾನೆ: ಮಾವನೊಬ್ಬನು ದ್ರಾಕ್ಷಾರಸ ನೊರೆಯುಕ್ಕುವ ಚಿನ್ನದ ಬಟ್ಟಲನ್ನು ಎತ್ತಿ, ತಾನು ಕುಡಿದು, ಎಳೆಯ ಅಳಿಯನಿಗೆ ಕೊಡುತ್ತಾನೆ. ಹೀಗೆ ಸ್ನೇಹಕ್ಕಾಗಿ ಕೊಟ್ಟ ಬಟ್ಟಲಿಗೆ 'ಫಿಲೊತೇಸಿಯಾ' ಎಂಬ ಹೆಸರು.

ಆದರೆ ಅದೇ ಕ್ರಿಯಾಪದ ಕೆಡುವ ರೀತಿಯನ್ನೂ ನೋಡಬೇಕು. ಕುಡಿದ ಗುಂಗಿನಲ್ಲಿ ಬಟ್ಟಲನ್ನೇ ಕೊಟ್ಟುಬಿಡುವವನು ನಾಳೆ ಏನನ್ನೂ ಕೊಟ್ಟಾನು ಎಂಬ ಅರ್ಥದಲ್ಲಿ ಅದು ರಾಜಕೀಯ ಬೈಗುಳವಾಯಿತು. ಕ್ರಿ.ಪೂ. 330ರ ತನ್ನ ಪ್ರಸಿದ್ಧ ಭಾಷಣದಲ್ಲಿ ಡೆಮಾಸ್ಥೆನಿಸ್, ಗ್ರೀಸಿನ ದ್ರೋಹಿಗಳು ಸ್ವಾತಂತ್ರ್ಯವನ್ನು ಮೊದಲು ಮ್ಯಾಸಿಡೋನಿಯದ ದೊರೆ ಫಿಲಿಪ್ಪನಿಗೆ, ಈಗ ಅವನ ಮಗ ಅಲೆಕ್ಸಾಂಡರನಿಗೆ ಹೀಗೆ 'ಕುಡಿದು ಕೊಟ್ಟರು' ಎಂದು ಇದೇ ಪದವನ್ನು ಎಸೆಯುತ್ತಾನೆ. ಪಿಂಡಾರನ ಮಾವನೂ ಡೆಮಾಸ್ಥೆನಿಸನ ದ್ರೋಹಿಯೂ ಒಂದೇ ಕ್ರಿಯಾಪದದಲ್ಲಿ ಕೂರುತ್ತಾರೆ ಎಂಬುದು ನನಗೆ ಈ ಇಡೀ ಪದಕೋಶದಲ್ಲಿ ಅತ್ಯಂತ ರುಚಿಸುವ ಸಂಗತಿ.

ಇನ್ನು ಹೆಚ್ಚು ಕುಡಿಯುವುದಕ್ಕೆ ಇರುವ ಪದಗಳು. ಅವುಗಳನ್ನು ಗ್ರೀಕರು ಆದಷ್ಟೂ ನೆರೆಹೊರೆಯವರ ತಲೆಗೆ ಕಟ್ಟುತ್ತಿದ್ದರು. ಸ್ಪಾರ್ಟಾದ ದೊರೆ ಕ್ಲೆಯೊಮೆನಿಸನು ಕಪ್ಪು ಸಮುದ್ರದ ಉತ್ತರದ ಅಲೆಮಾರಿ ಜನರಾದ ಸಿಥಿಯನ್ನರ ದೂತರ ಸಹವಾಸದಲ್ಲಿ ನೀರು ಬೆರೆಸದೆ ಕುಡಿಯುವುದನ್ನು ಕಲಿತು ಹುಚ್ಚನಾದನೆಂದೂ, ಅಂದಿನಿಂದ ಸ್ಪಾರ್ಟಾದವರು ಗಾಢವಾದದ್ದು ಬೇಕೆಂದಾಗ 'ಎಪಿಸ್ಕುಥಿಸೋನ್', ಅಂದರೆ ಸಿಥಿಯನ್ನರ ಹಾಗೆ ಸುರಿ, ಎನ್ನುತ್ತಿದ್ದರೆಂದೂ ಹೆರೊಡೊಟಸ್ ಬರೆಯುತ್ತಾನೆ. ತುಟಿ ಮುಚ್ಚದೆ ಒಂದೇ ಉಸುರಿಗೆ ಬಟ್ಟಲು ಬರಿದುಮಾಡುವುದು 'ಅಮುಸ್ತಿಸ್', ಅದನ್ನು ಗ್ರೀಸಿನ ಉತ್ತರಕ್ಕಿದ್ದ ಥ್ರೇಸಿನವರ ಚಾಳಿ ಎಂದರು. ಮುಂದೆ ರೋಮಿನ ಹೊರೇಸನೂ ಅದನ್ನು ಥ್ರೇಸಿನ ಹೆಸರಿನೊಂದಿಗೇ ಬಳಸುತ್ತಾನೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಒಟ್ಟಿಗೆ ಕುಡಿಯುವುದು ಅವರಿಗೆ ತಮ್ಮದು, ಮೀರಿ ಕುಡಿಯುವುದು ಪರರದು. ಹಾಸ್ಯಕವಿ ಯುಬೂಲಸನ ನಾಟಕದ ತುಣುಕೊಂದರಲ್ಲಿ ದಿಯೊನಿಸಸ್ ದೇವರೇ ಬಂದು, ಬುದ್ಧಿವಂತರಿಗೆ ಮೂರೇ ಕ್ರಾತೇರ್ ಬೆರೆಸುತ್ತೇನೆ, ಒಂದು ಆರೋಗ್ಯಕ್ಕೆ, ಒಂದು ಪ್ರೇಮಕ್ಕೆ, ಒಂದು ನಿದ್ದೆಗೆ, ನಾಲ್ಕನೆಯದು ನಮ್ಮದಲ್ಲ, ಅದು ಉದ್ಧಟತನದ್ದು ಎನ್ನುತ್ತಾನೆ. ಅಲ್ಲಿಂದ ಕೂಗಾಟ, ಬೀದಿ ಮೆರವಣಿಗೆ, ಕಪ್ಪುಗಟ್ಟಿದ ಕಣ್ಣು, ಕೋರ್ಟಿನ ಸಮನ್ಸು ಎಂದು ಏರುತ್ತ ಹತ್ತನೆಯದು ಸಾಮಾನು ಎತ್ತಿ ಎಸೆಯುವ ಹುಚ್ಚಿಗೆ ಮುಟ್ಟುತ್ತದೆ. ಆ 'ಬೀದಿ ಮೆರವಣಿಗೆ'ಯ ಮೂಲಪದ 'ಕೋಮೋಸ್', ಕೂಟದಿಂದ ಎದ್ದು ಹಾಡುತ್ತ ಇನ್ನೊಬ್ಬರ ಬಾಗಿಲಿಗೆ ಹೋಗುವ ಗುಂಪು. ನಿಮ್ಮ ಆಲ್ಕಿಬಿಯಾಡಿಸ್ ಬರುವುದು ಹಾಗೆಯೇ.

ಉತ್ತರ: ಬೀದರ್ ಕೋಟೆ

ಮೇಷ್ಟ್ರ ವಿವರಣೆ ಸೊಗಸಾಗಿದೆ, ಆದರೆ 'ಮೀರಿ ಕುಡಿಯುವುದು ಪರರದು' ಎಂಬ ತೀರ್ಮಾನವನ್ನು ನಾನು ಹಾಗೆಯೇ ಒಪ್ಪಲಾರೆ. ಅಥೆನ್ಸಿನ ಆಂಥೆಸ್ತೇರಿಯಾ ಹಬ್ಬದ ಎರಡನೆಯ ದಿನದ ಹೆಸರೇ 'ಖೋಎಸ್', ಅಂದರೆ ಹೂಜಿಗಳ ದಿನ. ಅಂದು ಊರಿಗೆ ಊರೇ ಕುಡಿಯುವ ಪಂದ್ಯಕ್ಕೆ ಕೂರುತ್ತಿತ್ತು. ತುತ್ತೂರಿ ಊದಿದೊಡನೆ ಪ್ರತಿಯೊಬ್ಬನೂ ತನ್ನ ಹೂಜಿಯನ್ನು ಬರಿದುಮಾಡಬೇಕು, ಮೊದಲು ಮುಗಿಸಿದವನಿಗೆ ದ್ರಾಕ್ಷಾರಸದ ತೊಗಲಚೀಲ ಬಹುಮಾನ. ಆ ಹೂಜಿಯ ಅಳತೆ ಸುಮಾರು 3.2 ಲೀಟರ್. ಅರಿಸ್ಟೋಫೇನಿಸನು ಕ್ರಿ.ಪೂ. 425ರಲ್ಲಿ ಆಡಿಸಿದ 'ಅಖಾರ್ನಿಯನ್ನರು' ನಾಟಕದ ಕೊನೆಯಲ್ಲಿ ನಾಯಕ ದಿಕಾಯೊಪೊಲಿಸ್ ಈ ಪಂದ್ಯವನ್ನು ಗೆದ್ದು ಬರಿದಾದ ಹೂಜಿಯನ್ನು ತೋರಿಸುತ್ತ ಬರುತ್ತಾನೆ. ತಾನು ಅದನ್ನು ನೀರು ಬೆರೆಸದೆ ತುಂಬಿಸಿಕೊಂಡು 'ಅಮುಸ್ತಿಸ್' ಆಗಿಯೇ ಇಳಿಸಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ಥ್ರೇಸಿನ ಚಾಳಿ ಅಥೆನ್ಸಿನ ರಂಗದ ಮೇಲೆ ಗೆಲುವಿನ ಗುರುತಾಗಿದೆಯಲ್ಲ!

ಈ ಪಂದ್ಯದಲ್ಲಿ ಇನ್ನೊಂದು ವಿಚಿತ್ರವಿದೆ. ಎಲ್ಲರೂ ಮೌನವಾಗಿ, ತಮ್ಮ ತಮ್ಮ ಹೂಜಿಯಿಂದಲೇ ಕುಡಿಯಬೇಕಿತ್ತು. ತಾಯಿಯನ್ನು ಕೊಂದ ಒರೆಸ್ಟಿಸ್ ಆ ದಿನ ಅಥೆನ್ಸಿಗೆ ಬಂದನೆಂದೂ, ಅವನೊಂದಿಗೆ ಪಾತ್ರೆಯನ್ನೂ ಮಾತನ್ನೂ ಹಂಚಿಕೊಳ್ಳಲು ಅಂಜಿದ ಜನ, ಅವನಿಗೆ ಅವಮಾನವಾಗದಿರಲೆಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾತ್ರೆ ಇಟ್ಟರೆಂದೂ ಯೂರಿಪಿಡಿಸ್ ಕಾರಣ ಹೇಳುತ್ತಾನೆ. ಹೀಗೆ ನೋಡಿದರೆ ಪಂದ್ಯದ ದಿನ ಬಟ್ಟಲು ಬಲಕ್ಕೆ ಹೋಗುವುದಿಲ್ಲ, ಹೆಸರು ಹೇಳಿ ಕೊಡುವುದಿಲ್ಲ, ಹಾಡುವುದೂ ಇಲ್ಲ. ಕೂಟವನ್ನು ಕೂಟವಾಗಿಸುವ ಎಲ್ಲವನ್ನೂ ತೆಗೆದುಹಾಕಿದಾಗ ಉಳಿಯುವುದೇ ಪಂದ್ಯ. ಓದುಗರು ಕೇಳಿದ ವ್ಯತ್ಯಾಸ ಇಲ್ಲಿದೆ ಎಂದು ನನಗೆ ತೋರುತ್ತದೆ.

ಭಾರತಕ್ಕೆ ಸಂಬಂಧಿಸಿದ ಒಂದು ಪಂದ್ಯವೂ ದಾಖಲಾಗಿದೆ. ಅಲೆಕ್ಸಾಂಡರನ ಜೊತೆ ಇಲ್ಲಿಂದ ಹೋದ ಸಂನ್ಯಾಸಿ ಕಲಾನೋಸ್, ಕ್ರಿ.ಪೂ. 324ರಲ್ಲಿ ಪರ್ಷಿಯಾದಲ್ಲಿ ಕಾಯಿಲೆ ಬಿದ್ದಾಗ ತಾನಾಗಿಯೇ ಚಿತೆಯೇರಿದ. ಅವನ ನೆನಪಿಗೆ ನಡೆಸಿದ ಸ್ಪರ್ಧೆಗಳಲ್ಲಿ, ಭಾರತೀಯರಿಗೆ ಮದ್ಯ ಪ್ರಿಯವೆಂಬ ಕಾರಣ ಕೊಟ್ಟು, 'ಅಕ್ರಾತೊಪೊಸಿಯಾ', ಅಂದರೆ ನೀರು ಬೆರೆಸದೆ ಕುಡಿಯುವ ಪಂದ್ಯವನ್ನೂ ಸೇರಿಸಿದರೆಂದು ಅಲೆಕ್ಸಾಂಡರನ ಆಸ್ಥಾನದಲ್ಲಿದ್ದ ಖಾರೆಸ್ ಬರೆದದ್ದು ಉಳಿದುಬಂದಿದೆ. ಗೆದ್ದ ಪ್ರೊಮಾಖೋಸ್ ನಾಲ್ಕು ಹೂಜಿ, ಅಂದರೆ ಸುಮಾರು 13 ಲೀಟರ್ ಇಳಿಸಿ, ಒಂದು ಟ್ಯಾಲೆಂಟ್ (ಗ್ರೀಕರ ಹಣದ ದೊಡ್ಡ ಮಾನ) ಬೆಲೆಯ ಕಿರೀಟ ಪಡೆದು, ಮೂರೇ ದಿನ ಬದುಕಿದ. ಉಳಿದವರಲ್ಲಿ 41 ಮಂದಿ ಕುಡಿದ ಮೇಲೆ ಹಿಡಿದ ಭಾರೀ ಚಳಿಯಿಂದ ಸತ್ತರೆಂದು ಪ್ಲುಟಾರ್ಕನು ಖಾರೆಸನ ಮಾತನ್ನೇ ಉಲ್ಲೇಖಿಸುತ್ತಾನೆ. ಬೆಂಕಿಯಲ್ಲಿ ಅಲುಗಾಡದೆ ಕುಳಿತ ವಿರಾಗಿಯೊಬ್ಬನಿಗೆ ಸಲ್ಲಿಸಿದ ಈ ಗೌರವದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಪದಗಳ ವಿಷಯಕ್ಕೆ ಬಂದರೆ, 'ಮೆಹಫಿಲ್' ಎಂದವರ ಪರ ನಾನು. ಕಲಬುರಗಿ, ಬೀದರಿನ ದಖನಿ ಉರ್ದುವಿನ ನೆರಳಿನಲ್ಲಿ ಬೆಳೆದವರಿಗೆ ಬಟ್ಟಲಿನ ಸುತ್ತು 'ದೌರ್' ಎಂದೊಡನೆ ತಿಳಿಯುತ್ತದೆ. ಎರೆಯುವವನು 'ಸಾಕಿ', ಅದು ಗ್ರೀಕಿನ 'ಓಯ್ನೊಖೋಓಸ್'. ಕೂಟದ ಅಧಿಪತಿ 'ಮೀರ್ ಮಜ್ಲಿಸ್'. ಇವರಿಬ್ಬರನ್ನು ಒಂದು ಮಾಡಬೇಡಿ, ಅಧಿಪತಿ ಆಜ್ಞೆ ಕೊಡುತ್ತಾನೆಯೇ ಹೊರತು ಎರೆಯುವುದಿಲ್ಲ, ಎರೆಯುವವನು ಸಾಮಾನ್ಯವಾಗಿ ದಾಸ ಹುಡುಗ. ಸಂಸ್ಕೃತದ ಕಡೆಯ ಪದವೇ ಬೇಕೆಂದರೆ ನಮ್ಮ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಅರಸನ ಕ್ರೀಡೆಗಳ ನಡುವೆ 'ಮದಿರಾಪಾನ ಕ್ರೀಡೆ'ಯನ್ನು ಎಣಿಸಿದ್ದಾನೆ. ಅಲ್ಲಿ ಅದು ಅರಸನ ವಿನೋದ. ಗ್ರೀಕರದು ಸಮಾನರ ನಡುವಿನದು, ಅಧಿಪತಿಯೂ ಆ ರಾತ್ರಿಯ ಮಟ್ಟಿಗೆ ಮಾತ್ರ.

ಉತ್ತರ: ಸುರಪುರದವ

ಯಾರೂ ಇನ್ನೂ 'ಕೊತ್ತಬೋಸ್' ಬಗ್ಗೆ ಹೇಳಿಲ್ಲ. ಕುಡಿಯುವ ಪಂದ್ಯ ಎಂದಾಗ ಗ್ರೀಕ್ ಪಾತ್ರೆಗಳ ಮೇಲೆ ಹೆಚ್ಚಾಗಿ ಕಾಣುವುದು ಅದೇ. ಸಿಸಿಲಿಯಿಂದ ಬಂದ ಆಟ ಎಂದು ಅವರೇ ಹೇಳುತ್ತಿದ್ದರು. ಎಡ ಮೊಣಕೈ ಊರಿ ಮಂಚದ ಮೇಲೆ ಒರಗಿದವನು ಅಗಲ ಬಟ್ಟಲಾದ 'ಕಿಲಿಕ್ಸ್'ನ ಹಿಡಿಯೊಳಗೆ ಬಲಗೈ ತೋರುಬೆರಳನ್ನು ತೂರಿಸಿ, ಮಣಿಕಟ್ಟನ್ನು ತಿರುಗಿಸಿ, ತಳದಲ್ಲಿ ಉಳಿದ ಗಸಿಯನ್ನು ಗುರಿಯತ್ತ ಎಸೆಯಬೇಕು. ಆ ಗಸಿಗೆ 'ಲತಾಕ್ಸ್' ಎಂದು ಹೆಸರು. ಗುರಿಯಾಗಿ ಎತ್ತರದ ಕಂಬದ ತುದಿಯಲ್ಲಿ 'ಪ್ಲಾಸ್ತಿಂಕ್ಸ್' ಎಂಬ ಪುಟ್ಟ ತಟ್ಟೆ ಅಲುಗಾಡುತ್ತ ಕೂತಿರುತ್ತದೆ, ಗಸಿ ತಗುಲಿ ಅದು ಕೆಳಗಿನದಕ್ಕೆ ಬಡಿದು ಠಣ್ಣೆಂದು ಸದ್ದಾದರೆ ಗೆಲುವು. ಇನ್ನೊಂದು ಬಗೆಯಲ್ಲಿ ನೀರಿನ ಬೋಗುಣಿಯಲ್ಲಿ ತೇಲುವ ಸಣ್ಣ ಬಟ್ಟಲುಗಳನ್ನು ಗಸಿ ಬೀಳಿಸಿ ಮುಳುಗಿಸಬೇಕು. ಎಸೆಯುವಾಗ ತಾನು ಪ್ರೀತಿಸುವವರ ಹೆಸರು ಹೇಳುವುದು ರೂಢಿ, ಗುರಿ ತಗುಲಿದರೆ ಪ್ರೇಮ ಫಲಿಸುತ್ತದೆಂಬ ಶಕುನ. ಬಹುಮಾನ ಮೊಟ್ಟೆ, ಸಿಹಿತಿಂಡಿ, ಚುಂಬನ ಇಂಥವು. ಇದರಲ್ಲಿ ಎಷ್ಟು ಕುಡಿದೆ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ, ಕುಡಿದ ಮೇಲೂ ಕೈ ನಿಲ್ಲುತ್ತದೆಯೇ ಎಂಬುದೇ ಪರೀಕ್ಷೆ. ಆದ್ದರಿಂದ ಬೀದರಿನವರ ವಾದಕ್ಕೆ ಒಂದು ತಿದ್ದುಪಡಿ ಬೇಕು: ಕೂಟದ ಒಳಗೂ ಪಂದ್ಯವಿತ್ತು, ಅದು ಕೌಶಲದ್ದಾಗಿತ್ತು. 'ಸ್ಕೋಲಿಯೋನ್' ಹಾಡುಗಳೂ ಹಾಗೆಯೇ. ಒಬ್ಬನು ಒಂದು ಸಾಲು ಹಾಡಿ ನಿಲ್ಲಿಸಿದರೆ ಸರದಿ ಬಂದವನು ಅದಕ್ಕೆ ತಕ್ಕುದನ್ನು ಜೋಡಿಸಬೇಕು. ನಮ್ಮ ಕಡೆ ಮದುವೆಮನೆಗಳಲ್ಲಿ ಗಂಡಿನವರೂ ಹೆಣ್ಣಿನವರೂ ಒಡಪು ಹೇಳಿ ಎದುರು ಪಕ್ಷವನ್ನು ಸಿಕ್ಕಿಸುವುದನ್ನು ಕಂಡವರಿಗೆ ಅದರ ಬಿಸಿ ತಿಳಿದೀತು.

ಕೊತ್ತಬೋಸ್ ಆಟದ ಅತ್ಯಂತ ಕಟುವಾದ ಎಸೆತ ನಡೆದದ್ದು ಸೆರೆಮನೆಯಲ್ಲಿ. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಆಳುತ್ತಿದ್ದ ಮೂವತ್ತು ಮಂದಿಯ ಕೂಟದ ಮುಖಂಡ ಕ್ರಿಟಿಯಾಸನು ತನ್ನ ಜೊತೆಗಾರನೇ ಆಗಿದ್ದ ಥೆರಾಮಿನಿಸನಿಗೆ ಮರಣದಂಡನೆ ವಿಧಿಸಿದ. ವಿಷವನ್ನು ಕುಡಿದ ಥೆರಾಮಿನಿಸ್ ತಳದ ಗಸಿಯನ್ನು ಕೊತ್ತಬೋಸಿನಲ್ಲಿ ಎಸೆಯುವ ಹಾಗೆ ಎಸೆದು, 'ಇದು ಸುಂದರ ಕ್ರಿಟಿಯಾಸನಿಗೆ' ಎಂದನೆಂದು ಕ್ಸೆನೊಫೋನ್ ಬರೆದಿದ್ದಾನೆ. ಪ್ರಿಯರ ಹೆಸರು ಹೇಳುವ ಜಾಗದಲ್ಲಿ ಕೊಂದವನ ಹೆಸರು ಬಂದಿದೆ. ಇದೇ ಕ್ರಿಟಿಯಾಸ್ ಕವಿಯೂ ಹೌದು. ಸ್ಪಾರ್ಟಾದವರು ಹೆಸರು ಹೇಳಿ ಬಟ್ಟಲು ದಾಟಿಸುವುದಿಲ್ಲ, ಬಲಕ್ಕೆ ಸುತ್ತಿಸುವುದಿಲ್ಲ, ತಮ್ಮ ಬಟ್ಟಲಿನಿಂದಲೇ ಮಿತವಾಗಿ ಕುಡಿಯುತ್ತಾರೆ ಎಂದು ಅವರ ಪದ್ಧತಿಯನ್ನು ಹೊಗಳಿ ಪದ್ಯ ಬರೆದವನು. ಥೆರಾಮಿನಿಸನಿಗೆ ಆ ಪದ್ಯ ಗೊತ್ತಿತ್ತೋ ಇಲ್ಲವೋ, ಹೆಸರು ಹೇಳಿ ಬಟ್ಟಲು ಎತ್ತುವುದನ್ನು ಒಪ್ಪದವನಿಗೇ ಹೆಸರು ಹೇಳಿ ಎತ್ತಿದಂತಾಯಿತು.

ಮತ್ತೆ ಪ್ರಶ್ನೆ: ಕಲಬುರಗಿ ಓದುಗ

ಮೂವರಿಗೂ ಧನ್ಯವಾದಗಳು. ನಮ್ಮ ಗುಂಪಿನಲ್ಲಿ ಇದನ್ನು ಓದಿದ ಮೇಲೆ ಶೀರ್ಷಿಕೆಗೆ 'ಪಾನಗೋಷ್ಠಿ' ಎಂದೇ ಇಟ್ಟುಕೊಂಡೆವು. ಗೋಷ್ಠಿಯಲ್ಲಿ ಮಾತಿಗೆ ಜಾಗವಿದೆ ಎಂಬುದು ಕಾರಣ. ಸಂಭಾಷಣೆಯ ಒಳಗೆ 'ದೌರ್' ಬಳಸಲು ಯಾರದೂ ತಕರಾರಿಲ್ಲ. ಉಳಿದ ಅನುಮಾನ ಎರಡು. ಕುಡಿಯಲಾರೆ ಎನ್ನುವವನಿಗೆ ಆ ಕೂಟದಲ್ಲಿ ಏನು ದಾರಿ? ಮತ್ತು 'ಎಪಿದೆಕ್ಸಿಯಾ'ವನ್ನು ನಮ್ಮ 'ಬಲಗೊಳ್ಳು' ಎಂಬ ಪದದಿಂದ ತರಬಹುದೆ?

ಉತ್ತರ: ಸೇಡಂ ಮೇಷ್ಟ್ರು

ಎರಡನೆಯದಕ್ಕೆ ಮೊದಲು ಹೇಳುತ್ತೇನೆ, 'ಬಲಗೊಳ್ಳು' ಬೇಡ. ಅದು ದೇವರನ್ನೋ ಗುಡಿಯನ್ನೋ ನಮ್ಮ ಬಲಕ್ಕೆ ಇಟ್ಟುಕೊಂಡು ಸುತ್ತುವ ಪ್ರದಕ್ಷಿಣೆ. ಒಳಮುಖವಾಗಿ ಕುಳಿತವರು ತಮ್ಮ ಬಲಗಡೆಯವನಿಗೆ ಬಟ್ಟಲು ದಾಟಿಸಿದರೆ ಅದು ಚಲಿಸುವುದು ಪ್ರದಕ್ಷಿಣೆಗೆ ವಿರುದ್ಧವಾದ ದಿಕ್ಕಿನಲ್ಲಿ. ಒಂದು ಕೋಣೆಯ ಚಿತ್ರ ಬರೆದು ಬಾಣದ ಗುರುತು ಹಾಕಿದರೆ ಸ್ಪಷ್ಟವಾಗುತ್ತದೆ. 'ಬಲಗಡೆಯವನಿಗೆ' ಎಂಬ ಸರಳ ಮಾತೇ ಸರಿ, ಏಕೆಂದರೆ ಸಂವಾದದಲ್ಲಿ ಯಾರ ಪಕ್ಕ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ಭಾಷಣಗಳ ಕ್ರಮವೇ ನಿಂತಿದೆ.

ಕುಡಿಯಲಾರದವನಿಗೆ ಗ್ರೀಕರ ಕೂಟದ ಕಟ್ಟಳೆ ಒಂದೇ ಸಾಲಿನದು: ಕುಡಿ, ಇಲ್ಲವೆ ನಡೆ. ಅದನ್ನು ಸಿಸೆರೋ ಗ್ರೀಕರ ನಿಯಮವೆಂದೇ ಉಲ್ಲೇಖಿಸುತ್ತಾನೆ. ಈ ಒತ್ತಾಯದ ಹಿನ್ನೆಲೆ ಗೊತ್ತಿದ್ದರೆ ಅಗಾಥೋನನ ಮನೆಯ ಒಪ್ಪಂದದ ತೂಕ ತಿಳಿಯುತ್ತದೆ. ಹಿಂದಿನ ದಿನದ ವಿಜಯೋತ್ಸವದಲ್ಲಿ ಬಹಳ ಕುಡಿದು ಇನ್ನೂ ಅದರ ಜಡದಲ್ಲಿದ್ದೇನೆ ಎಂದು ಪೌಸಾನಿಯಾಸ್ ಹೇಳುತ್ತಾನೆ, ಅರಿಸ್ಟೋಫೇನಿಸ್ ತಾನೂ ನಿನ್ನೆ ಮುಳುಗಿದವನೇ ಎನ್ನುತ್ತಾನೆ, ವೈದ್ಯ ಎರಿಕ್ಸಿಮಾಖೋಸ್ ಅಮಲು ಮನುಷ್ಯನಿಗೆ ಒಳ್ಳೆಯದಲ್ಲ ಎಂದು ಒತ್ತುತ್ತಾನೆ. ಆಮೇಲೆ ಅವರು ಅಧಿಪತಿಯನ್ನು ಆರಿಸದೆ, ಬಟ್ಟಲಿಗೆ ಬದಲಾಗಿ ಭಾಷಣವನ್ನು ಬಲಗಡೆಗೆ ಸಾಗಿಸುತ್ತಾರೆ. ತಡವಾಗಿ ಬಂದ ಆಲ್ಕಿಬಿಯಾಡಿಸ್ ಆ ಖಾಲಿ ಜಾಗವನ್ನು ಕಂಡವನಂತೆ, ನಿಮಗೆ ಸಾಕಷ್ಟು ಏರುವ ತನಕ ನಾನೇ ಅಧಿಪತಿ ಎಂದು ಘೋಷಿಸಿಕೊಳ್ಳುತ್ತಾನೆ. ಅವನು ಎತ್ತಿದ್ದು ಬಟ್ಟಲೂ ಅಲ್ಲ, ದ್ರಾಕ್ಷಾರಸವನ್ನು ತಂಪಾಗಿಡುವ 'ಪ್ಸಿಕ್ತೇರ್' ಎಂಬ ಪಾತ್ರೆ, ಎಂಟು ಕೊತಿಲೆಗೂ ಹೆಚ್ಚು, ಅಂದರೆ ಎರಡು ಲೀಟರಿಗೂ ಮೇಲೆ ಹಿಡಿಯುವಂಥದ್ದು. ಅದನ್ನು ತಾನು ಕುಡಿದು ಮತ್ತೆ ತುಂಬಿಸಿ ಸಾಕ್ರೆಟಿಸನಿಗೆ ಕೊಡಿಸುತ್ತಾನೆ, ಎಷ್ಟು ಕೊಟ್ಟರೂ ಇವನಿಗೆ ಅಮಲೇರುವುದಿಲ್ಲ ಎಂದು ಮೊದಲೇ ಹೇಳಿಯೇ ಕೊಡಿಸುತ್ತಾನೆ. ಎರಿಕ್ಸಿಮಾಖೋಸ್ ಕೂಡಲೇ ತಡೆಯುತ್ತಾನೆ: ಹಾಡಿಲ್ಲ, ಮಾತಿಲ್ಲ, ಬಾಯಾರಿದವರ ಹಾಗೆ ಸುಮ್ಮನೆ ಕುಡಿಯುವುದೇ? ಬೀದರಿನವರು ಖೋಎಸ್ ಹಬ್ಬದ ಮೌನದ ಬಗ್ಗೆ ಹೇಳಿದ್ದಕ್ಕೆ ಈ ಆಕ್ಷೇಪಣೆ ನೇರ ಎದುರಾಗಿದೆ. ಅಥೆನ್ಸಿನಲ್ಲಿಯೂ ಅಂಥ ಪಂದ್ಯವಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆ, ಆದರೆ ಅದಕ್ಕೆ ವರ್ಷದಲ್ಲಿ ಒಂದು ದಿನ ಗೊತ್ತುಮಾಡಿ, ಎಲ್ಲರಿಗೂ ಒಂದೇ ಅಳತೆಯ ಹೂಜಿ ಕೊಟ್ಟರು ಎಂಬುದನ್ನು ಜೊತೆಯಲ್ಲಿಯೇ ಹೇಳಬೇಕು.

ಕೊನೆಯ ಪುಟದಲ್ಲಿ ಅನುವಾದಕರು ಜಾರಿಬಿಡುವ ಒಂದು ಸಾಲಿದೆ, ನೀವು ಅಲ್ಲಿ ಎಚ್ಚರವಾಗಿರಿ. ಬೀದಿಯ ಇನ್ನೊಂದು ಗುಂಪು ನುಗ್ಗಿ, ಕ್ರಮವೆಲ್ಲ ಮುರಿದು, ಎಲ್ಲರೂ ಒತ್ತಾಯಕ್ಕೆ ಸಿಕ್ಕಿ ಕುಡಿದು, ಕೆಲವರು ಮನೆಗೆ ಹೋಗಿ, ಕೆಲವರು ಅಲ್ಲಿಯೇ ಮಲಗಿದ ಮೇಲೆ, ಕೋಳಿ ಕೂಗುವ ಹೊತ್ತಿಗೆ ಅಗಾಥೋನ್, ಅರಿಸ್ಟೋಫೇನಿಸ್, ಸಾಕ್ರೆಟಿಸ್ ಮೂವರು ಮಾತ್ರ ಎಚ್ಚರವಾಗಿರುತ್ತಾರೆ, ದೊಡ್ಡ ಬಟ್ಟಲೊಂದರಿಂದ ಕುಡಿಯುತ್ತಿರುತ್ತಾರೆ. ಅಲ್ಲಿ ಪ್ಲೇಟೋ 'ಎಪಿ ದೆಕ್ಸಿಯಾ' ಎಂದು ಮತ್ತೆ ಬರೆದಿದ್ದಾನೆ. ಅದನ್ನು 'ಸರದಿಯಂತೆ' ಎಂದು ತೇಲಿಸದೆ, ಮೊದಲು ಭಾಷಣಗಳಿಗೆ ಬಳಸಿದ 'ಬಲಗಡೆಯವನಿಗೆ' ಎಂಬ ಮಾತನ್ನೇ ಅಲ್ಲಿಯೂ ಇಡಿ.